ಪಾಸಾದ ಮಗುವಿಗೆ ಕುರ್ಚಿ ಇಲ್ಲ

ನಮ್ಮವರ ಮನೆಯಲ್ಲಿ ಪರೀಕ್ಷೆ ಎಂಬ ಮಾತು ಬಿದ್ದರೆ ಸಾಕು, ಟೀವಿ ಬಂದ್, ಆಟ ಬಂದ್, ನೆಂಟರೂ ಬಂದ್. ಎಲ್‌ಕೆಜಿ ಸೀಟಿಗಾಗಿ ಮೂರು ವರ್ಷದ ಕೂಸಿಗೆ ಇಂಟರ್‌ವ್ಯೂ ತಯಾರಿ ಮಾಡಿಸುವ ಜನ ನಾವು. ಸಮುದ್ರ ದಾಟಿ ಜಪಾನಿಗೆ ಬಂದರೂ ಆ ಬುದ್ಧಿ ಸಾರಿನ ಪುಡಿಯ ಜೊತೆ ಸೂಟ್‌ಕೇಸಿನಲ್ಲೇ ಬಂದುಬಿಡುತ್ತದೆ. ಸಿಂಧೂರಾಳ ಮನೆಗೂ ಬಂದಿತ್ತು.

ಟೋಕಿಯೋ ಪಕ್ಕದ ಉರಯಾಸುವಿನಿಂದ ಎರಡು ಸ್ಟೇಷನ್ ಆಚೆಗೆ ಸಮುದ್ರದ ಗಾಳಿ ಬೀಸುವ ಊರೊಂದರಲ್ಲಿ, ಏಳನೆಯ ಮಹಡಿಯಲ್ಲಿ ಅವಳ ಮನೆ. ಗಂಡ ಪ್ರವೀಣ, ಆರು ವರ್ಷದ ಮಗಳು ವರ್ಷಿಣಿ, ಮೂವರೇ. ಅದು 2020ರ ಅಕ್ಟೋಬರ್ ತಿಂಗಳು. ಕೊರೊನಾ ಕಾಲಕ್ಕೆ ಪ್ರವೀಣ ಮಲಗುವ ಕೋಣೆಯನ್ನೇ ಆಫೀಸು ಮಾಡಿಕೊಂಡಿದ್ದ. ಬೇಸಿಗೆಗೆ ಬರಬೇಕಿದ್ದ ಅತ್ತೆ ಜಯಮ್ಮ ವಿಮಾನವಿಲ್ಲದೆ ತುಮಕೂರಿನಲ್ಲೇ ಉಳಿದು, ದಿನಾ ಬೆಳಿಗ್ಗೆ ಫೋನಿನಲ್ಲಿ ಅರ್ಧ ಮುಖ ತೋರಿಸುತ್ತಿದ್ದರು. ಉಳಿದರ್ಧ ಎಂದೂ ಪರದೆಯೊಳಗೆ ಬಂದದ್ದಿಲ್ಲ.

ವರ್ಷಿಣಿಯ ನೆನಪಿನ ಶಕ್ತಿಗೆ ಸರಿಸಾಟಿ ಇರಲಿಲ್ಲ. ಟೋಕಿಯೋಗೆ ಹೋಗುವ ರೈಲಿನ ಸ್ಟೇಷನ್‌ಗಳನ್ನು ಒಂದೂ ಬಿಡದೆ ಸಾಲಾಗಿ ಹೇಳುತ್ತಿದ್ದಳು. ಆದರೆ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಅನ್ನಕ್ಕೆ ಪಲ್ಯ ತಾಗಿದರೆ ತಟ್ಟೆಯನ್ನೇ ಬಿಟ್ಟು ಏಳುತ್ತಿದ್ದಳು. "ಹಸಿವಾ ಪುಟ್ಟಿ?" ಎಂದರೆ "ಹಸಿವಾ ಪುಟ್ಟಿ" ಎಂದೇ ಉತ್ತರ. ಜೋರು ಸದ್ದು ಕೇಳಿದರೆ ಎರಡೂ ಕಿವಿ ಮುಚ್ಚಿಕೊಂಡು ಕಾಲು ಕೊಂಡೊಯ್ದ ಕಡೆ ಓಡುತ್ತಿದ್ದಳು. ಶಿಶುವಿಹಾರದ ಟೀಚರುಗಳ ಬಾಯಿಗೆಲ್ಲ ಮಾಸ್ಕ್ ಬಂದ ಮೇಲೆ ಇದ್ದ ನಾಲ್ಕು ಮಾತೂ ಕಡಿಮೆಯಾಗಿದ್ದವು.

"ಪ್ರವೀಣನೂ ಹಂಗೇ ಕಣಮ್ಮ, ನಾಲ್ಕು ತುಂಬೋವರ್ಗೂ ಬಾಯೇ ಬಿಟ್ಟಿರ್ಲಿಲ್ಲ. ಈಗ ನೋಡು, ಮೀಟಿಂಗಲ್ಲಿ ಅವನದೇ ಬಾಯಿ" ಎಂದು ಜಯಮ್ಮ ಫೋನಿನಲ್ಲಿ ಸಮಾಧಾನ ಹೇಳುತ್ತಿದ್ದರು. ಸಿಂಧೂರಾ ಆ ಸಮಾಧಾನವನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಒಳಗೊಳಗೆ ಹೆದರಿಕೆ ಇತ್ತು. ಅದನ್ನು ಬಾಯಿಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೋ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

ಹೀಗಿರುವಾಗ ನಗರಸಭೆಯಿಂದ ಒಂದು ಲಕೋಟೆ ಬಂತು. ಮುಂದಿನ ಏಪ್ರಿಲ್‌ನಲ್ಲಿ ಒಂದನೆಯ ತರಗತಿಗೆ ಸೇರುವ ಮಕ್ಕಳನ್ನೆಲ್ಲ ಶಾಲೆಗೆ ಕರೆದು ಕಣ್ಣು, ಕಿವಿ, ಹಲ್ಲು ನೋಡಿ, ನಾಲ್ಕು ಮಾತಾಡಿಸುತ್ತಾರಂತೆ. ಯಾವ ಮಗುವಿಗೆ ಏನು ನೆರವು ಬೇಕು ಎಂದು ಮೊದಲೇ ತಿಳಿದುಕೊಳ್ಳುವುದಕ್ಕೆ. ಕಾಗದದಲ್ಲಿ ಹಾಗೆಂದೇ ಬರೆದಿತ್ತು. ಫೋನಿನ ಕ್ಯಾಮೆರಾ ಹಿಡಿದು ಅನುವಾದ ಮಾಡಿಕೊಂಡು ಗಂಡ ಹೆಂಡತಿ ಇಬ್ಬರೂ ಓದಿದರು. ಇಬ್ಬರಿಗೂ ಕಂಡದ್ದು ಒಂದೇ ಪದ: ಇಂಟರ್‌ವ್ಯೂ.

ಅಲ್ಲಿಂದ ಹದಿನೈದು ದಿನ ಮನೆ ಟ್ಯೂಷನ್ ಸೆಂಟರ್ ಆಯಿತು. ಪ್ರಶ್ನೆ ಏನು ಬರಬಹುದು ಎಂದು ಸಿಂಧೂರಾ ನಾಲ್ಕು ಜನ ಅಮ್ಮಂದಿರನ್ನು ವಿಚಾರಿಸಿದಳು. ಮೊದಲು ಹೆಸರು, ಆಮೇಲೆ ವಯಸ್ಸು, ಆಮೇಲೆ ಬಣ್ಣ ತೋರಿಸ್ತಾರೆ, ಕೊನೆಗೆ ಪ್ರಾಣಿಗಳ ಚಿತ್ರ. ಎಲ್ಲರೂ ಹೇಳಿದ್ದು ಅದೇ. ಪ್ರವೀಣ ಕಾರ್ಡುಗಳನ್ನು ಪ್ರಿಂಟ್ ಹಾಕಿದ. ಬೆಳಿಗ್ಗೆ ಇಡ್ಲಿಯ ಜೊತೆ, ಸಂಜೆ ಹಾಲಿನ ಜೊತೆ ಅರೆದು ಕುಡಿಸಿದ್ದೇ ಕುಡಿಸಿದ್ದು. ನೆನಪಿನ ವಿಷಯದಲ್ಲಿ ವರ್ಷಿಣಿ ಎಂದೂ ಸೋತವಳಲ್ಲ. ಒಂದು ವಾರಕ್ಕೆ ನಾಲ್ಕೂ ಉತ್ತರ ಜಪಾನಿಯಲ್ಲಿ ಬಾಯಿಪಾಠವಾಯಿತು.

ಲಕೋಟೆಯೊಳಗೆ ಒಂದು ಫಾರ್ಮೂ ಇತ್ತು. ಮಗುವಿನ ಬಗ್ಗೆ ಶಾಲೆಗೆ ತಿಳಿಸಬೇಕಾದ ವಿಷಯ ಏನಾದರೂ ಇದೆಯೇ ಎಂದು ಕೇಳಿ, ಕೆಳಗೆ ಐದು ಗೆರೆ ಖಾಲಿ ಬಿಟ್ಟಿದ್ದರು.

"ಇಲ್ಲೇನು ಬರೀಲಿ ಸಿಂಧು?" ಎಂದ ಪ್ರವೀಣ.

"ಎಲ್ರೂ ಏನು ಬರೀತಾರಂತೆ?"

"ಆಫೀಸಲ್ಲಿ ಕೇಳ್ದೆ. 'ತೊಕುನಿ ನಾಶಿ' ಅಂತ ಬರೀತಾರಂತೆ. ವಿಶೇಷ ಏನೂ ಇಲ್ಲ ಅಂತ."

"ಹಂಗಾದ್ರೆ ಅದನ್ನೇ ಬರೀರಿ. ನಾವ್ಯಾಕೆ ನಾವಾಗೇ ಹೋಗಿ ಹೇಳ್ಕೋಬೇಕು?"

ಪ್ರವೀಣ ತನ್ನ ಅತಿ ಅಂದದ ಅಕ್ಷರದಲ್ಲಿ ವಿಶೇಷವೇನೂ ಇಲ್ಲ ಎಂದು ಬರೆದ. ಐದು ಗೆರೆಗಳಲ್ಲಿ ನಾಲ್ಕೂವರೆ ಖಾಲಿ ಉಳಿದವು.

ಆ ದಿನ ಬಂತು. ಕೊರೊನಾ ಕಾರಣಕ್ಕೆ ಮಗುವಿನ ಜೊತೆ ಒಬ್ಬರಿಗೇ ಪ್ರವೇಶ. ಮೊದಲಾಗಿದ್ದರೆ ಮಕ್ಕಳನ್ನು ಗುಂಪಾಗಿ ಆಡಿಸಿ ನೋಡುತ್ತಿದ್ದರಂತೆ. ಈ ಸಲ ಗುಂಪು ಸೇರಿಸುವ ಹಾಗಿಲ್ಲ, ಪಾರದರ್ಶಕ ಹಾಳೆಯ ಆಚೆಗೊಬ್ಬರು ಟೀಚರ್, ಈಚೆಗೆ ಮಗು, ಐದು ನಿಮಿಷ. ಪ್ರಶ್ನೆಗಳು ಬಂದವು, ಅದೇ ಸಾಲಿನಲ್ಲಿ. ವರ್ಷಿಣಿ ಒಂದೂ ತಪ್ಪಲಿಲ್ಲ. ಕೊನೆಯಲ್ಲಿ "ಆನೆ" ಎಂದಾಗ ಆ ಟೀಚರ್ ಮೆಲ್ಲಗೆ ಚಪ್ಪಾಳೆಯನ್ನೂ ತಟ್ಟಿದರು.

ಸಿಂಧೂರಾ ಮನೆಗೆ ಬಂದವಳೇ ಕೇಸರಿಬಾತ್ ಮಾಡಿದಳು. ಜಯಮ್ಮ ತುಮಕೂರಿನಿಂದಲೇ ದೃಷ್ಟಿ ತೆಗೆದರು.

ಕೇಸರಿಬಾತಿನ ಒಂದು ಡಬ್ಬಿ ಭಾನುಮತಿಗೂ ಹೋಯಿತು. ಭಾನುಮತಿ ಎಂದರೆ ಆ ಊರಿನ ಕನ್ನಡದ ಹೆಂಗಸರಿಗೆಲ್ಲ ಭಾನಕ್ಕ. ಬಂದು ಹದಿನೇಳು ವರ್ಷ. ಮಗ ಗಗನ್ ಅದೇ ಊರಿನ ಶಾಲೆಯ ವಿಶೇಷ ನೆರವಿನ ತರಗತಿಯಲ್ಲಿ ಆರು ವರ್ಷ ಓದಿ ಈಗ ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದ. ಅವನಿಗಾಗಿ ನಗರಸಭೆಗೆ ಅಲೆದು ಅಲೆದು ಕಲಿತ ಜಪಾನಿಯಲ್ಲಿ ಈಗ ಅವಳು ಅಲ್ಲಿಗೆ ಬರುವ ನಮ್ಮವರಿಗೆಲ್ಲ ದುಭಾಷಿಯಾಗಿ ಹೋಗುತ್ತಾಳೆ.

ಸಮುದ್ರದ ಪಕ್ಕದ ಪಾರ್ಕಿನ ಬೆಂಚಿನ ಎರಡು ತುದಿಗೆ ಇಬ್ಬರೂ ಕೂತಿದ್ದರು. ವರ್ಷಿಣಿ ದೂರದಲ್ಲಿ ಓಕ್ ಕಾಯಿಗಳನ್ನು ಆರಿಸಿ ಸಾಲಾಗಿ ಜೋಡಿಸುತ್ತಿದ್ದಳು.

"ಪಾಸಾದ್ಳು ಭಾನಕ್ಕ. ಎಲ್ಲಾ ಉತ್ತರನೂ ಹೇಳಿದ್ಳು" ಎಂದಳು ಸಿಂಧೂರಾ.

ಭಾನುಮತಿ ಕೇಸರಿಬಾತ್ ಬಾಯಿಗಿಟ್ಟುಕೊಂಡು ಓಕ್ ಕಾಯಿಗಳ ಸಾಲಿನ ಕಡೆ ನೋಡಿದಳು. "ಸಿಂಧು, ಶಿಶುವಿಹಾರದ ಟೀಚರು ದಿನಾ ಬುಕ್ಕಲ್ಲಿ ಬರೀತಾರಲ್ಲ, ಏನು ಬರೀತಾರೆ?"

"ಚೆನ್ನಾಗೇ ಬರೀತಾರೆ. ಇವತ್ತೂ ವರ್ಷಿಣಿ ತನ್ನದೇ ವೇಗದಲ್ಲಿ ಖುಷಿಯಾಗಿದ್ದಳು ಅಂತ."

"ಎಷ್ಟು ದಿನದಿಂದ?"

"ಯಾವಾಗ್ಲೂ."

"ಗಗನ್ ಬುಕ್ಕಲ್ಲೂ ಹಂಗೇ ಇತ್ತು ಕಣೇ. ಎರಡು ವರ್ಷ ನಾನೂ ಅದನ್ನ ಹೊಗಳಿಕೆ ಅಂದ್ಕೊಂಡಿದ್ದೆ. ಇಲ್ಲಿಯವರು ಮುಖಕ್ಕೆ ಹೊಡ್ದಂಗೆ ಹೇಳಲ್ಲ. ನಾವು ಬಾಯಿ ಬಿಟ್ರೆ ಮಾತ್ರ ಅವರೂ ಬಾಯಿ ಬಿಡ್ತಾರೆ. ವರ್ಷಿಣಿಗೋಸ್ಕರ ನೆರವಿನ ಕ್ಲಾಸಿನ ಬಗ್ಗೆ ಒಂದ್ಸಲ ನಗರಸಭೇಲಿ ಮಾತಾಡು. ಶೂಗಾಕು ಸೋದಾನ್ ಅಂತ ಇದೆ, ಸ್ಕೂಲಿಗೆ ಸೇರೋ ಮುಂಚೆ ಸಲಹೆ ಕೊಡ್ತಾರೆ, ಫ್ರೀ. ನಾನು ಬರ್ತೀನಿ."

ಸಿಂಧೂರಾಳ ಮೈ ಉರಿದುಹೋಯಿತು. "ನನ್ನ ಮಗಳು ಪಾಸಾಗಿದ್ದಾಳೆ ಭಾನಕ್ಕ. ನಿಮ್ಮ ಮಗನಿಗೆ ಬೇಕಿತ್ತು ಅಂತ ಎಲ್ರಿಗೂ ಬೇಕು ಅಂದ್ಕೋಬೇಡಿ."

ಆಡಿದ ಮಾತು ಆಡಿ ಆಗಿತ್ತು. ಭಾನುಮತಿ ಡಬ್ಬಿಯ ಮುಚ್ಚಳ ಹಾಕಿ, "ಕೇಸರಿಬಾತ್ ಚೆನ್ನಾಗಿತ್ತು" ಎಂದಷ್ಟೇ ಹೇಳಿ ಎದ್ದಳು. ಒಂದು ವಾರ ಇಬ್ಬರೂ ಮಾತಾಡಲಿಲ್ಲ.

ಆ ಊರಿನಲ್ಲಿ ದಿನಾ ಸಂಜೆ ಐದಕ್ಕೆ ನಗರಸಭೆಯ ಧ್ವನಿವರ್ಧಕಗಳಿಂದ ಒಂದು ರಾಗ ಕೇಳಿಬರುತ್ತದೆ, ಮಕ್ಕಳು ಮನೆ ಸೇರಲಿ ಎಂದು. ಆ ವರ್ಷ ರಾಗದ ಹಿಂದೆ ಕೊರೊನಾ ಎಚ್ಚರಿಕೆಯೂ ಸೇರಿತ್ತು. ಕಂಬದ ಕೆಳಗೆ ನಿಂತರೆ ಎದೆ ಅದುರುವಷ್ಟು ಸದ್ದು. ಆದ್ದರಿಂದ ನಾಲ್ಕೂಮುಕ್ಕಾಲರ ಹೊತ್ತಿಗೆ ಸಿಂಧೂರಾ ಮಗಳೊಡನೆ ಮನೆಯೊಳಗಿದ್ದು ಕಿಟಕಿ ಮುಚ್ಚಿಬಿಡುತ್ತಿದ್ದಳು. ಆ ಶುಕ್ರವಾರ ಸೂಪರ್‌ಮಾರ್ಕೆಟ್ಟಿನಲ್ಲಿ ಒಬ್ಬೊಬ್ಬರನ್ನೇ ಒಂದೂವರೆ ಮೀಟರ್ ಬಿಟ್ಟು ನಿಲ್ಲಿಸಿ ಸಾಲು ನಿಧಾನವಾಯಿತು. ಚೀಲ ಹಿಡಿದು ಹೊರಗೆ ಬರುವುದಕ್ಕೂ ತಲೆಯ ಮೇಲಿನ ಕಂಬ ಹಾಡುವುದಕ್ಕೂ ಸರಿಹೋಯಿತು.

ವರ್ಷಿಣಿ ಕೈ ಕಿತ್ತುಕೊಂಡು ಓಡಿದಳು. ಚೀಲ ಬಿತ್ತು, ಈರುಳ್ಳಿ ಉರುಳಿತು. ಸಿಂಧೂರಾ ತಿರುಗಿ ನೋಡುವಷ್ಟರಲ್ಲಿ ಮಗು ಮೂಲೆ ದಾಟಿ ಮಾಯವಾಗಿತ್ತು. ಆ ರಸ್ತೆಗಳಲ್ಲಿ ಲಾರಿ ಓಡಾಡುತ್ತವೆ. ಅವಳು ಓಡಿದಳು, ಕೂಗಿದಳು. ಎಷ್ಟು ಕೂಗಿದರೂ ತಿರುಗುವ ಮಗು ಅಲ್ಲವಲ್ಲ ಎಂಬುದು ಆಗ ಎದೆಗೆ ಇರಿಯಿತು.

ಎರಡು ಬೀದಿ ಆಚೆ, ರಸ್ತೆಯ ಜೀಬ್ರಾ ದಾಟುಪಟ್ಟಿಯ ಹತ್ತಿರ, ಹಳದಿ ಕೋಟಿನ ಒಬ್ಬ ಅಜ್ಜ ವರ್ಷಿಣಿಯ ಮುಂದೆ ಮೊಣಕಾಲೂರಿ ಕೂತಿದ್ದ. ಶಾಲೆಯ ಮಕ್ಕಳನ್ನು ರಸ್ತೆ ದಾಟಿಸಲೆಂದು ಬಾವುಟ ಹಿಡಿದು ನಿಲ್ಲುವ ಹಿರಿಯರಲ್ಲಿ ಒಬ್ಬ. ಮಗು ಬಿದ್ದಿರಬೇಕು, ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಸಿಂಧೂರಾ ಏದುಸಿರಿನಲ್ಲಿ ಹತ್ತಿರ ಬರುತ್ತಿದ್ದಾಗ ಅವನ ಮಾತು ಕೇಳಿಸಿತು. ಜಪಾನಿಯಲ್ಲಿ, ಬಹಳ ಮೆತ್ತಗೆ ಕೇಳುತ್ತಿದ್ದ.

"ಅಮ್ಮ ಎಲ್ಲಿ?"

"ವರ್ಷಿಣಿ" ಎಂದಳು ಮಗಳು, ನೆಟ್ಟಗೆ ನಿಂತು.

"ಓ, ವರ್ಷಿಣಿನಾ. ಮನೆ ಯಾವ ಕಡೆ?"

"ಆರು ವರ್ಷ."

"ಎಲ್ಲಿ ಬಿದ್ದೆ ಮರಿ? ನೋವಾಗ್ತಿದೆಯಾ?"

"ಕೆಂಪು, ನೀಲಿ, ಹಳದಿ."

ಅಜ್ಜ ಕರವಸ್ತ್ರ ತೆಗೆದ. ಆಗ ಮಗು, ಇನ್ನೂ ಒಂದು ಉತ್ತರ ಬಾಕಿ ಇದೆ ಎಂದು ನೆನಪಾದ ಹಾಗೆ, "ನಾಯಿ, ಬೆಕ್ಕು, ಆನೆ" ಎಂದಳು. ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು.

ಸಿಂಧೂರಾ ಮಗಳನ್ನು ಅಪ್ಪಿಕೊಂಡು ಅದೇ ದಾರಿಯಲ್ಲಿ ಕುಸಿದು ಕೂತಳು. ಹದಿನೈದು ದಿನ ಅವಳು ಮಗುವಿಗೆ ಕಲಿಸಿದ್ದು ಮಾತಲ್ಲ. ಮಗುವಿಗೆ ಮಾತು ಬೇಕು ಎಂಬುದನ್ನು ಮುಚ್ಚುವ ಒಂದು ಮುಚ್ಚಳವನ್ನು ಕಲಿಸಿದ್ದಳು. ಅದು ಅವಳಿಗೆ ಆಗ ಅರ್ಥವಾಯಿತು, ನಾಚಿಕೆಯಾಯಿತು, ಬಹಳ ದುಃಖವಾಯಿತು.

ಮನೆಗೆ ಬಂದು ಗಾಯಕ್ಕೆ ಪಟ್ಟಿ ಹಾಕಿ ಮೊದಲು ಫೋನ್ ಮಾಡಿದ್ದು ಭಾನುಮತಿಗೆ. ಕ್ಷಮೆ ಕೇಳಬೇಕು ಎಂದುಕೊಂಡಿದ್ದಳು, ಬಾಯಿಗೆ ಬಂದದ್ದು ಬೇರೆ. "ಭಾನಕ್ಕ, ಇನ್ನೂ ಟೈಮಿದೆಯಾ?"

"ಇದೆ. ನಾಳೆ ಬರ್ತೀನಿ. ಕಾಫಿ ಇಟ್ಟಿರು" ಎಂದಳು ಭಾನುಮತಿ.

ಮರುದಿನ ಶನಿವಾರ. ಕಿಟಕಿಗಳನ್ನೆಲ್ಲ ತೆರೆದು, ಮಾಸ್ಕ್ ಹಾಕಿಕೊಂಡು, ಮೂವರೂ ನಡುಮನೆಯ ಮೂರು ಮೂಲೆಗೆ ಕೂತರು. ಸಿಂಧೂರಾ ಆಗಲೇ ಒಪ್ಪಿದ್ದಳು. ಒಪ್ಪಬೇಕಾದವನು ಪ್ರವೀಣ.

"ನಾವು ಹೊರಗಿನವರು ಭಾನಕ್ಕ" ಎಂದ ಅವನು. "ಈ ಊರಿನ ದುಡ್ಡಲ್ಲಿ ನಮ್ಮ ಮಗುಗೆ ಸ್ಪೆಷಲ್ ಟೀಚರ್ ಕೊಡಿ ಅಂತ ಹೆಂಗೆ ಕೇಳೋದು? ನಾಳೆ ವೀಸಾ ರಿನ್ಯೂವಲ್‌ನಲ್ಲಿ ಪ್ರಾಬ್ಲಂ ಆದ್ರೆ?"

"ನಿನ್ನ ಸಂಬಳದಲ್ಲಿ ತಿಂಗಳಾ ತಿಂಗಳಾ ಊರಿನ ಟ್ಯಾಕ್ಸ್ ಕಟ್ ಆಗ್ತಿಲ್ವಾ ಪ್ರವೀಣ?"

"ಆಗುತ್ತೆ."

"ಹಂಗಾದ್ರೆ ಯಾವ ಸೀಮೆ ಹೊರಗಿನವನಪ್ಪ ನೀನು? ಗಗನ್ ಆರು ವರ್ಷ ಆ ಕ್ಲಾಸಲ್ಲಿ ಓದ್ದ. ಅಷ್ಟರಲ್ಲಿ ಎರಡು ಸಲ ನಮ್ಮ ವೀಸಾ ರಿನ್ಯೂ ಆಯ್ತು. ಆ ಕ್ಲಾಸಿನ ಬಗ್ಗೆ ಒಬ್ರೂ ಒಂದು ಮಾತು ಕೇಳ್ಲಿಲ್ಲ."

"ಒಂದ್ಸಲ ಆ ಕ್ಲಾಸು ಅಂದ್ರೆ ಯಾವಾಗ್ಲೂ ಅದೇ ಹಣೆಪಟ್ಟಿ ಅಲ್ವಾ?"

"ಅಲ್ಲ. ಪ್ರತಿ ವರ್ಷ ಕೂತು ಮಾತಾಡ್ತಾರೆ. ಬೇಡ ಅನ್ಸಿದ್ರೆ ಬದಲಾಯಿಸಬಹುದು. ಊಟ, ಸಂಗೀತ, ಆಟ ಎಲ್ಲಾ ಉಳಿದ ಮಕ್ಕಳ ಜೊತೇನೇ ಇರುತ್ತೆ."

"ಬೆಂಗಳೂರಿಗೆ ವಾಪಸ್ ಹೋದ್ರೆ ಅಲ್ಲಿ ಸ್ಕೂಲಲ್ಲಿ ಸೇರಿಸ್ಕೋತಾರಾ?"

ಭಾನುಮತಿ ಕಾಫಿ ಲೋಟವನ್ನು ಕೆಳಗಿಟ್ಟಳು. "ಅದು ನಂಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಳಲ್ಲ. ಆದ್ರೆ ವರ್ಷಗಟ್ಟಲೆ ಏನೂ ಅರ್ಥ ಆಗ್ದೆ ಕೂತಿದ್ದ ಮಗೂನ ಕರ್ಕೊಂಡು ಹೋಗೋದಕ್ಕಿಂತ, ಕಲ್ತ ಮಗೂನ ಕರ್ಕೊಂಡು ಹೋಗೋದು ವಾಸಿ."

ಪ್ರವೀಣ ನೆಲ ನೋಡಿದ. "ಸೇರಿದ್ಮೇಲೆ ನೋಡೋಣ ಅಂದ್ರೆ? ಏಪ್ರಿಲ್‌ನಲ್ಲಿ ಕಷ್ಟ ಆದ್ರೆ ಆಗ ಕೇಳೋಣ."

"ಅಲ್ಲೇ ಎಲ್ರೂ ಎಡವೋದು" ಎಂದಳು ಭಾನುಮತಿ. "ನಿಮ್ಮ ಮದುವೇಲಿ ಅಡುಗೆ ಭಟ್ರು ಮೊದಲು ಏನು ಕೇಳಿದ್ರು?"

"ಎಷ್ಟು ಎಲೆ ಅಂತ" ಎಂದಳು ಸಿಂಧೂರಾ.

"ಹ್ಞಾ. ಇಲ್ಲೂ ಅಷ್ಟೇ. ಮುಂದಿನ ಏಪ್ರಿಲ್‌ಗೆ ನೆರವು ಬೇಕಾದ ಮಕ್ಕಳು ಎಷ್ಟು ಅಂತ ಈಗ, ಚಳಿಗಾಲಕ್ಕೆ ಮುಂಚೆ ಎಣಿಸ್ತಾರೆ. ಆ ಲೆಕ್ಕದ ಮೇಲೆ ಎಷ್ಟು ಕ್ಲಾಸು, ಎಷ್ಟು ಟೀಚರ್ ಅಂತ ಮೇಲಕ್ಕೆ ಕಳಿಸ್ತಾರೆ. ಟೀಚರ್ ಜೊತೆಗೆ ಇರೋ ಸಹಾಯಕರಿಗೆ ದುಡ್ಡು ಊರಿನ ಬಜೆಟ್ಟಿಂದ ಬರ್ಬೇಕು. ಅದು ಮಾರ್ಚಲ್ಲಿ ನಗರಸಭೆ ಸದಸ್ಯರ ಮುಂದೆ ಹೋಗುತ್ತೆ. ಈ ವರ್ಷ ಕೊರೊನಾ ಅಂತ ಎಲ್ಲಾ ಕಡೆ ಕೈ ಬಿಗಿ. ಯಾರೂ ಕೇಳ್ದಿರೋ ಕುರ್ಚಿಗೆ ಯಾರು ದುಡ್ಡು ಇಡ್ತಾರೆ? ಎಲೆ ಲೆಕ್ಕ ಕೊಡ್ದೆ ಪಂಕ್ತೀಲಿ ಬಂದು ಕೂತ್ಕೊಂಡ್ರೆ ಭಟ್ರು ಏನು ಮಾಡ್ತಾರೆ? ಇದ್ದ ಅನ್ನಾನೇ ಎಲ್ರಿಗೂ ಸ್ವಲ್ಪ ಸ್ವಲ್ಪ ಬಡಿಸ್ತಾರೆ. ಯಾರಿಗೂ ಹೊಟ್ಟೆ ತುಂಬಲ್ಲ."

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಜಯಮ್ಮನ ಅರ್ಧ ಮುಖ. ಇವರಿಗೆ ಇದನ್ನು ಹೇಳುವುದು ಹೇಗೆ ಎಂದು ಗಂಡ ಹೆಂಡತಿ ಇಬ್ಬರೂ ಹೆದರಿದ್ದರು. ಆದರೆ ಮೊಣಕಾಲಿನ ಪಟ್ಟಿ ಕ್ಯಾಮೆರಾಗೆ ಕಂಡುಬಿಟ್ಟಿತು. ಸಿಂಧೂರಾ ಅಳುತ್ತಾ ಎಲ್ಲವನ್ನೂ ಹೇಳಿದಳು. ಕೆಂಪು, ನೀಲಿ, ಹಳದಿಯನ್ನೂ ಹೇಳಿದಳು.

ಜಯಮ್ಮ ಮೊದಲ ಸಲ ಫೋನನ್ನು ನೆಟ್ಟಗೆ ಹಿಡಿದರು. ಪೂರಾ ಮುಖ ಕಂಡಿತು. "ನಾನೂ ಸುಮ್ನೆ ಪ್ರವೀಣನ ಕಥೆ ಹೇಳ್ಕೊಂಡು ಕೂತೆ. ತಪ್ಪಾಯ್ತು ಕಣಮ್ಮ. ಅಳೋ ಮಗೂಗೆ ತಾನೇ ಹಾಲು? ನಮ್ಮದು ಕೇಳಿ ಅಳೋ ಮಗು ಅಲ್ಲ. ಅದರ ಪಾಲಿಂದು ನೀವು ಅಳ್ಬೇಕಪ್ಪ. ಹೋಗಿ ಕೇಳ್ರೋ" ಎಂದರು.

ಸೋಮವಾರ ಪ್ರವೀಣ ಅರ್ಧ ದಿನ ರಜೆ ಹಾಕಿದ. ವರ್ಷಿಣಿಯನ್ನು ಶಿಶುವಿಹಾರಕ್ಕೆ ಬಿಟ್ಟು ಮೂವರೂ ನಗರಸಭೆಯ ಶಿಕ್ಷಣ ವಿಭಾಗಕ್ಕೆ ಹೋದರು. ಹಣೆಗೆ ಜ್ವರ ನೋಡುವ ಯಂತ್ರ ಹಿಡಿಸಿಕೊಂಡು, ಒಂದು ಬಿಟ್ಟು ಒಂದು ಕುರ್ಚಿಯಲ್ಲಿ ಕೂತರು. ಹೊಸೊಕಾವಾ ಸಾನ್, ಅಂದರೆ ಹೊಸೊಕಾವಾ ಅವರು, ಎಂಬ ಅಧಿಕಾರಿ ಪಾರದರ್ಶಕ ಹಾಳೆಯ ಆಚೆ ಬಂದು ತಲೆಬಾಗಿದರು. ನರೆತ ಕೂದಲಿನ, ದಪ್ಪ ಕನ್ನಡಕದ ಹೆಂಗಸು.

ಪ್ರವೀಣ ಬರುವ ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡಿದ್ದ. ಮನೆಯಲ್ಲಿ ಬಾಯಿಪಾಠದ ಚಟ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ ನೋಡಿ. ಎದ್ದು ನಿಂತು, ಸೊಂಟದಿಂದ ಬಾಗಿ, ಜಪಾನಿಯಲ್ಲೇ ಹೇಳಿದ. "ಸುಮಿಮಾಸೆನ್, ಕ್ಷಮಿಸಿ. ನಮ್ಮ ಮಗಳು ನಿಮ್ಮ ಪರೀಕ್ಷೆಯಲ್ಲಿ ಪಾಸಾಗಿದ್ದಾಳೆ. ದಯವಿಟ್ಟು ಅದನ್ನು ವಾಪಸ್ ತೆಗೆದುಕೊಳ್ಳಬೇಕು."

ಹೊಸೊಕಾವಾ ಸಾನ್ ಕನ್ನಡಕದ ಹಿಂದೆ ಕಣ್ಣು ಮಿಟುಕಿಸಿದರು. ಭಾನುಮತಿ ನಗು ತಡೆದುಕೊಳ್ಳಲು ಚಾವಣಿ ನೋಡಿದಳು. ಆಮೇಲೆ ಸಿಂಧೂರಾ ಕನ್ನಡದಲ್ಲಿ, ಭಾನುಮತಿ ಜಪಾನಿಯಲ್ಲಿ, ನಡೆದದ್ದನ್ನೆಲ್ಲ ಬಿಚ್ಚಿಟ್ಟರು. ಕಾರ್ಡುಗಳು, ಸಾಲಾಗಿ ಉರುಹೊಡೆಸಿದ ಉತ್ತರಗಳು, ಫಾರ್ಮಿನ ಆ ಒಂದು ಸಾಲು, ಧ್ವನಿವರ್ಧಕ, ಹಳದಿ ಕೋಟಿನ ಅಜ್ಜ.

ಹೊಸೊಕಾವಾ ಸಾನ್ ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟರು. ಅವರ ಮಾತನ್ನು ಭಾನುಮತಿ ಹೀಗೆ ಹೇಳಿದಳು: "ಅದು ಪಾಸು ಫೇಲಿನ ಪರೀಕ್ಷೆ ಅಲ್ವಂತೆ. ಮಗೂಗೆ ಏನು ಬೇಕು ಅಂತ ನಮ್ಮನ್ನ ಕೇಳೋ ದಾರಿ ಅಂತೆ. ಈಗ ಬಂದಿದ್ದು ಬಹಳ ಒಳ್ಳೇದಾಯ್ತು, ಈ ತಿಂಗಳ ಕೊನೇಲಿ ಕಮಿಟಿ ಕೂರುತ್ತೆ ಅಂತಾರೆ. ಹೊಸ ವರ್ಷ ಆದ್ಮೇಲೆ ಬಂದಿದ್ರೆ ಈ ಏಪ್ರಿಲ್‌ಗೆ ಕುರ್ಚಿ ಹೊಂದಿಸೋದು ಕಷ್ಟ ಆಗ್ತಿತ್ತಂತೆ."

ಹೊಸೊಕಾವಾ ಸಾನ್ ಇನ್ನೊಂದು ಮಾತು ಸೇರಿಸಿದರು. ಭಾನುಮತಿ ಅದನ್ನು ಕೇಳಿ ಗಂಡ ಹೆಂಡತಿಯ ಕಡೆ ತಿರುಗಿದಳು.

"ಏನಂತೆ?" ಎಂದ ಪ್ರವೀಣ.

"ಆ ಸ್ಕೂಲಿನ ನೆರವಿನ ಕ್ಲಾಸಿಗೆ ಮುಂದಿನ ವರ್ಷಕ್ಕೆ ಈಗ ಎಂಟು ಮಕ್ಕಳಂತೆ. ಎಂಟರ ತನಕ ಒಂದೇ ಕ್ಲಾಸು, ಒಬ್ಬರೇ ಟೀಚರ್. ಒಂಬತ್ತನೇ ಮಗು ಬಂದ್ರೆ ಎರಡು ಕ್ಲಾಸು, ಇಬ್ಬರು ಟೀಚರ್ ಕೊಡಿ ಅಂತ ಕೇಳಬಹುದಂತೆ."

ಊರಿಗೆ ಹೊರೆಯಾಗುತ್ತೇವೆ ಎಂದು ಹೆದರಿದ್ದವನು ಪ್ರವೀಣ. ಅವನು ಹೆಂಡತಿಯ ಮುಖ ನೋಡಿದ. ಬಚ್ಚಿಟ್ಟಿದ್ದರೆ ಕುರ್ಚಿ ತಪ್ಪುತ್ತಿದ್ದದ್ದು ವರ್ಷಿಣಿಗೆ ಮಾತ್ರ ಅಲ್ಲ, ಉಳಿದ ಎಂಟು ಮಕ್ಕಳಿಗೂ ಇನ್ನೊಬ್ಬ ಟೀಚರ್ ತಪ್ಪುತ್ತಿದ್ದರು.

ಆಮೇಲಿನ ಕೆಲಸಗಳು ಒಂದೊಂದಾಗಿ ನಡೆದವು. ಶಿಶುವಿಹಾರದ ಟೀಚರ್, ಅಮ್ಮ ಬಾಯಿ ಬಿಟ್ಟದ್ದೇ ತಡ, ತಾವು ಕಂಡದ್ದನ್ನೆಲ್ಲ ಎರಡು ಪುಟ ತುಂಬ ಬರೆದುಕೊಟ್ಟರು. ವೈದ್ಯರು ನೋಡಿದರು. ಮನಶ್ಶಾಸ್ತ್ರಜ್ಞೆಯೊಬ್ಬರು ಮಗುವಿನ ಜೊತೆ ಒಂದು ಗಂಟೆ ಕೂತರು. ಏನನ್ನೂ ಕಲಿಸಿಕೊಂಡು ಬರಬೇಡಿ ಎಂದು ಮೊದಲೇ ಹೇಳಿದ್ದರು. ಸಿಂಧೂರಾಳಿಗೆ ಅದೇ ಎಲ್ಲಕ್ಕಿಂತ ಕಷ್ಟದ ತಯಾರಿಯಾಯಿತು. ಹಿಂದಿನ ಸಂಜೆ "ಇದು ಯಾವ ಬಣ್ಣ ಪುಟ್ಟಿ?" ಎಂದು ಬಾಯಿಗೆ ಬಂದದ್ದನ್ನು ಮೂರು ಸಲ ನುಂಗಿಕೊಂಡಳು. ಖಾಲಿ ಬಿಟ್ಟಿದ್ದ ಗೆರೆಗಳನ್ನು ಪ್ರವೀಣ ಹೊಸ ಫಾರ್ಮಿನಲ್ಲಿ ತುಂಬಿಸಿದ, ಹಾಳೆಯ ಹಿಂಬದಿಗೂ ಹೋದ. ಜೋರು ಸದ್ದಿಗೆ ಓಡುತ್ತಾಳೆ, ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು, ಚಿತ್ರ ತೋರಿಸಿದರೆ ಬೇಗ ತಿಳಿಯುತ್ತದೆ. ಕೊನೆಯ ಸಾಲಿನಲ್ಲಿ, ರೈಲು ಸ್ಟೇಷನ್‌ಗಳೆಂದರೆ ಪ್ರಾಣ, ಎಂದು ಬರೆದ.

ಜನವರಿಯಲ್ಲಿ ಮತ್ತೆ ಕೊರೊನಾ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಊರೆಲ್ಲ ಬಾಗಿಲು ಹಾಕಿಕೊಂಡಿತು. ಬಜೆಟ್ಟಿನಲ್ಲಿ ಏನೇನು ಕತ್ತರಿ ಬೀಳುತ್ತದೋ ಎಂದು ಸಿಂಧೂರಾ ದಿನಾ ಅಂಚೆಪೆಟ್ಟಿಗೆ ನೋಡುತ್ತಿದ್ದಳು. ಫೆಬ್ರವರಿಯಲ್ಲಿ ನೆರವಿನ ತರಗತಿಗೆ ಸೇರಿಸಿಕೊಂಡ ಪತ್ರ ಬಂತು. ಮಾರ್ಚಿನ ಕೊನೆಗೆ ಭಾನುಮತಿ ನಗರಸಭೆಯ ತಿಂಗಳ ಪತ್ರಿಕೆಯ ಒಂದು ಪುಟವನ್ನು ಫೋಟೊ ತೆಗೆದು ಕಳಿಸಿದಳು. ಬಜೆಟ್ಟಿನ ಉದ್ದನೆಯ ಪಟ್ಟಿಯಲ್ಲಿ ಇರುವೆ ಸಾಲಿನಂಥ ಒಂದು ಸಾಲಿಗೆ ಕೆಂಪು ಗೆರೆ ಎಳೆದಿದ್ದಳು. ಶಾಲೆಗಳ ನೆರವಿನ ಸಹಾಯಕರು, ಹೆಚ್ಚುವರಿ. ಕೆಳಗೆ ಅವಳದೇ ಮಾತು: "ಇದ್ರಲ್ಲಿ ನಮ್ಮ ವರ್ಷಿಣಿದೂ ಒಂದು ಎಲೆ ಇದೆ ಕಣೇ."

ಏಪ್ರಿಲ್. ಮಾಸ್ಕ್ ಹಾಕಿಕೊಂಡೇ ಶಾಲೆ ಸೇರುವ ಸಮಾರಂಭ. ನೆರವಿನ ಕ್ಲಾಸಿನಲ್ಲೇ ಓದುವ ಮೂರನೆಯ ತರಗತಿಯ ಹುಡುಗನೊಬ್ಬನ ತಾಯಿ, ಮೊರಿಶಿತಾ ಸಾನ್ ಎಂಬುವರು, ಬಾಗಿಲ ಹತ್ತಿರ ಸಿಂಧೂರಾಳನ್ನು ತಡೆದು ಸೊಂಟ ಬಾಗಿಸಿ ನಮಸ್ಕರಿಸಿದರು. ಎರಡು ವರ್ಷದಿಂದ ಇನ್ನೊಬ್ಬ ಟೀಚರ್ ಬೇಕು ಎಂದು ಕೇಳುತ್ತಿದ್ದೆವು, ನೀವು ಬಂದಿರಿ, ಅರಿಗಾತೋ, ಧನ್ಯವಾದ, ಎಂದರು. ಸಿಂಧೂರಾಳಿಗೆ ಅರ್ಧ ಭಾಷೆ ಅರ್ಥವಾಯಿತು, ಅವರ ಕಣ್ಣು ಪೂರ್ತಿ ಅರ್ಥವಾಯಿತು. ಒಳಗೆ, ಕಿಟಕಿಯ ಪಕ್ಕದ ಕುರ್ಚಿಯ ಬೆನ್ನಿಗೆ ವರ್ಷಿಣಿಯ ಹೆಸರು ಅಂಟಿಸಿದ್ದರು. ಹೆಸರಿನ ಪಕ್ಕ ಪುಟ್ಟ ರೈಲಿನ ಚಿತ್ರ. ಕುರ್ಚಿಯ ಕೊಕ್ಕೆಯಲ್ಲಿ ಸದ್ದು ತಡೆಯುವ ಒಂದು ಕಿವಿಮುಚ್ಚುಗೆ.

ಪವಾಡವೇನೂ ಆಗಲಿಲ್ಲ. ಮೊದಲ ತಿಂಗಳು ವರ್ಷಿಣಿ ಮೇಜಿನ ಕೆಳಗೇ ಹೆಚ್ಚು ಕೂತಳು. ಟೀಚರ್ ಕೂಡ ಕೆಳಗೇ ಕೂತರು, ಚಿತ್ರದ ಕಾರ್ಡು ಹಿಡಿದು. ಇವು ಪರೀಕ್ಷೆಯ ಕಾರ್ಡುಗಳಲ್ಲ. ನೀರು, ನೋವು, ಸಾಕು, ಇನ್ನೂ ಬೇಕು, ಮನೆಗೆ ಹೋಗೋಣ. ಬೇಸಿಗೆ ಕಳೆಯುವಷ್ಟರಲ್ಲಿ ಅವಳು ನೋವು ಎಂಬ ಕಾರ್ಡನ್ನು ತಾನೇ ತೆಗೆದು ತೋರಿಸತೊಡಗಿದಳು. ಸಿಂಧೂರಾ ಅಂದು ಅತ್ತದ್ದು ಸಂತೋಷಕ್ಕೆ.

ಅಕ್ಟೋಬರಿನ ಒಂದು ಬೆಳಿಗ್ಗೆ. ಲಕೋಟೆ ಬಂದು ಸರಿಯಾಗಿ ಒಂದು ವರ್ಷವಾಗಿತ್ತು. ತಾಯಿ ಮಗಳು ದಾಟುಪಟ್ಟಿಯ ಹತ್ತಿರ ನಿಂತಿದ್ದರು. ಅದೇ ಹಳದಿ ಕೋಟಿನ ಅಜ್ಜ ಬಾವುಟ ಹಿಡಿದಿದ್ದ. ಅವನು ಬಗ್ಗಿ, ಎಂದಿನ ಮೆತ್ತಗಿನ ದನಿಯಲ್ಲಿ, "ಎಲ್ಲಿಗೆ ಹೊರಟೆ ಮರಿ?" ಎಂದು ಕೇಳಿದ.

ಯಾರೂ ಕಲಿಸಿರದ ಪ್ರಶ್ನೆ. ವರ್ಷಿಣಿ ಬಾವುಟ ನೋಡಿದಳು, ರಸ್ತೆ ನೋಡಿದಳು. ಬಹಳ ಹೊತ್ತು ತೆಗೆದುಕೊಂಡಳು. ಹಿಂದಿದ್ದ ಮಕ್ಕಳು ಕಾದರು, ಅಜ್ಜನೂ ಕಾದ.

"ಶಾಲೆಗೆ" ಎಂದಳು ಜಪಾನಿಯಲ್ಲಿ. ಆಮೇಲೆ ಅಮ್ಮನ ಕಡೆ ತಿರುಗಿ, ಕನ್ನಡದಲ್ಲಿ, "ನನ್ನ ಕುರ್ಚಿ ಇದೆ."

ಜಪಾನಿನಲ್ಲಿ ಕೂತು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಫೋನಿನಲ್ಲಿ ಕೇಳಿಸಿಕೊಳ್ಳುತ್ತಿರುವ ಅಜ್ಜಿಯಂದಿರೇ. ನಿಮ್ಮ ಮನೆಗೂ ಶರತ್ಕಾಲದಲ್ಲಿ ಆ ಲಕೋಟೆ ಬರುತ್ತದೆ. ಮಗುವಿನಿಂದ ಉತ್ತರ ಉರುಹೊಡೆಸಬೇಡಿ. ಖಾಲಿ ಗೆರೆಗಳಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಲಕೋಟೆಗೂ ಕಾಯಬೇಕಾಗಿಲ್ಲ, ಮನಸ್ಸಿನಲ್ಲಿ ಅನುಮಾನ ಬಂದಿದ್ದರೆ ಬೇಸಿಗೆಯಲ್ಲೇ ನಿಮ್ಮ ಊರಿನ ಶಿಕ್ಷಣ ವಿಭಾಗಕ್ಕೆ ಫೋನ್ ಮಾಡಿ ಶೂಗಾಕು ಸೋದಾನ್ ಬೇಕು ಎನ್ನಿ. ಭಾಷೆ ಬಾರದಿದ್ದರೆ ದುಭಾಷಿ ಇದ್ದಾರೆಯೇ ಎಂದು ಕೇಳಿ, ಇಲ್ಲವೆಂದರೆ ನಿಮ್ಮ ಊರಿನ ಭಾನಕ್ಕನನ್ನು ಹುಡುಕಿ. ಸಿಗುತ್ತಾಳೆ. ತಡವಾಯಿತು ಎಂದು ಸುಮ್ಮನಾಗಬೇಡಿ, ಶಾಲೆ ಸೇರಿದ ಮೇಲೂ ಕೇಳಬಹುದು. ಮೊದಲೇ ಕೇಳಿದರೆ ಕುರ್ಚಿ ಮೊದಲೇ ಬರುತ್ತದೆ, ಅಷ್ಟೇ.

ನಾಚಿಕೆಗೆ ಬಜೆಟ್ಟಿನಲ್ಲಿ ಸಾಲಿಲ್ಲ. ಎಲೆ ಎಷ್ಟು ಎಂದು ಕೇಳಿದಾಗ ನಿಮ್ಮ ಮಗುವಿನ ಎಲೆಯನ್ನೂ ಸೇರಿಸಿ ಹೇಳಿ. ನಿಮ್ಮದೇ ಒಂಬತ್ತನೆಯದಿರಬಹುದು.